ಗಿಣಿ ಪಳಗಿಸುವ ಕಿಟ್: ಕೋಲಿಗೆ ಪೂರ್ತಿ ಅಂಕ, ಗ್ಲೌಸ್‌ಗೆ ಸೊನ್ನೆ

ಆನ್‌ಲೈನ್‌ನಲ್ಲಿ 850 ರೂಪಾಯಿ ಕೊಟ್ಟು ತರಿಸಿದ ಗಿಣಿ ಟ್ರೈನಿಂಗ್ ಕಿಟ್ ಇದು. ಡಬ್ಬಿಯೊಳಗೆ ಒಂದು ಸ್ಟೀಲ್ ಕೋಲು, ಬೆರಳಲ್ಲಿ ಒತ್ತುವ ಕ್ಲಿಕ್ಕರ್, ಟಿ ಆಕಾರದ ಸ್ಟ್ಯಾಂಡ್, ದಪ್ಪ ಚರ್ಮದ ಗ್ಲೌಸ್, ಹೊರಗೆ ಕರೆದುಕೊಂಡು ಹೋಗಲು ಹಾರ್ನೆಸ್, ಬಣ್ಣಬಣ್ಣದ ತಿಂಡಿಯ ಪೊಟ್ಟಣ, ಜೊತೆಗೊಂದು ಮಡಿಸಿದ ಹಾಳೆ. ನಮ್ಮನೆಯಲ್ಲಿರೋದು ಕಾಕಟೀಲ್. ಆಸ್ಟ್ರೇಲಿಯಾ ಮೂಲದ, ತಲೆ ಮೇಲೆ ಜುಟ್ಟಿರುವ, ಕೆನ್ನೆಗೆ ಕಿತ್ತಳೆ ಬೊಟ್ಟಿಟ್ಟಂತೆ ಕಾಣುವ ಚಿಕ್ಕ ಗಿಣಿ ಜಾತಿ. ಹೆಸರು ಚಿನ್ನು. ಕೈ ಕಂಡರೆ ಪಂಜರದ ಮೂಲೆಗೆ ಓಡುತ್ತಿತ್ತು, ಹತ್ತಿರ ಹೋದರೆ ಬುಸ್ ಅನ್ನುತ್ತಿತ್ತು. ಅದಕ್ಕೇ ಈ ಖರ್ಚು.

ಮೊದಲು ಡಬ್ಬಿ ಮೇಲಿನ ಚಿತ್ರದ ಬಗ್ಗೆ ಹೇಳಿಬಿಡ್ತೀನಿ. ಕೊರಳಲ್ಲಿ ಪಟ್ಟಿ ಇರುವ ನಮ್ಮ ಹಸಿರು ಗಿಣಿಯನ್ನೇ ಹಾಕಿದ್ದಾರೆ. ಮೈಸೂರಿನ ಕುಕ್ಕರಹಳ್ಳಿ ಕೆರೆ ಕಡೆ ಸಂಜೆ ಕಿರುಚಿಕೊಂಡು ಹಾರುತ್ತಲ್ಲ, ಅದೇ. ಅದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿ ಸಾಕುವುದು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಸನ್ ಕನ್ಯೂರ್‌ನಂಥ ಕೆಲವು ವಿದೇಶಿ ಗಿಣಿಗಳನ್ನು ಸಾಕಬಹುದು, ಆದರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಂಪನಿಯವರಿಗೆ ಇದು ಗೊತ್ತಿಲ್ವೋ, ಗೊತ್ತಿದ್ದೂ ಸುಮ್ನೆ ಹಾಕಿದ್ದಾರೋ.

ಈಗ ಗ್ಲೌಸ್. ಇದನ್ನು ಕಿಟ್‌ನಲ್ಲಿ ಯಾಕಿಟ್ಟರೋ ನನಗಂತೂ ಅರ್ಥವಾಗಲಿಲ್ಲ. ಹಾಳೆಯಲ್ಲಿ ಬರೆದಿರುವುದು ಹೀಗೆ: ಗ್ಲೌಸ್ ಹಾಕಿಕೊಂಡು ಹಕ್ಕಿಯನ್ನು ಹಿಡಿಯಿರಿ, ಒದ್ದಾಟ ನಿಲ್ಲಿಸುವ ತನಕ ಬಿಡಬೇಡಿ, ಪಳಗುತ್ತೆ. ಒದ್ದಾಟ ನಿಂತರೆ ಹಕ್ಕಿ ಒಪ್ಪಿಕೊಂಡಿದೆ ಅಂತಲ್ಲ, ತಪ್ಪಿಸಿಕೊಳ್ಳುವ ಆಸೆ ಬಿಟ್ಟಿದೆ ಅಂತ. ಜುಟ್ಟು ತಲೆಗೆ ಅಂಟಿ, ಬಾಯಿ ತೆರೆದು, ಎದೆ ಡವಡವ ಅಂತಿದ್ದರೆ ಅದು ಶುದ್ಧ ಭಯ. ಅಲ್ಲದೆ ಹಕ್ಕಿ ಒಗ್ಗಬೇಕಾಗಿರೋದು ನಮ್ಮ ಬರಿಗೈಗೆ ಅಲ್ವಾ? ಚರ್ಮದ ಚೀಲ ಹಾಕಿಕೊಂಡು ಕೈ ಪರಿಚಯ ಮಾಡಿಸಿದರೆ ಏನು ಬಂತು. ಡಾಕ್ಟರ ಹತ್ತಿರ ಹೋದಾಗ ಹಿಡಿಯಲೇಬೇಕಾದರೆ ಮೆತ್ತನೆಯ ಟವೆಲ್ ಸಾಕು. ಹೊದೆಸಿ ಹಿಡಿದರೂ ಎದೆಯನ್ನು ಮಾತ್ರ ಒತ್ತಬಾರದು. ಹಕ್ಕಿ ಉಸಿರಾಡುವುದೇ ಎದೆಗೂಡು ಮುಂದೆ ಹಿಂದೆ ಆಡುವುದರಿಂದ, ಅಲ್ಲಿ ಬಿಗಿಹಿಡಿದರೆ ಉಸಿರು ಕಟ್ಟುತ್ತೆ. ಗ್ಲೌಸ್ ಈಗ ಗುಲಾಬಿ ಗಿಡದ ಮುಳ್ಳು ಕತ್ತರಿಸೋಕೆ ಬಹಳ ಚೆನ್ನಾಗಿ ಉಪಯೋಗವಾಗ್ತಿದೆ.

ಕೋಲು ಮಾತ್ರ ಬಂಗಾರ. ಅದನ್ನು ನೋಡಿ ನಮ್ಮತ್ತೆ, "ಏನಮ್ಮಾ ಇದು, ಹಿಡಿಯಷ್ಟಿಲ್ಲದ ಹಕ್ಕಿಗೂ ಬೆತ್ತ ಬೇಕಾ?" ಅಂದರು. ಹೊಡೆಯೋಕಲ್ಲ ಅತ್ತೆ, ಮುಟ್ಟೋಕೆ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಉಪಾಯ ಇಷ್ಟೇ: ಹಕ್ಕಿ ಕೋಲಿನ ತುದಿಯನ್ನು ಕೊಕ್ಕಿನಿಂದ ಮುಟ್ಟಿದ ಕೂಡಲೇ ಕ್ಲಿಕ್, ಕ್ಲಿಕ್ ಆದ ಮೇಲೆ ತಿಂಡಿ. ಶುರುವಿನಲ್ಲಿ ಕೋಲು ಕಂಡರೂ ಚಿನ್ನು ಹಿಂದೆ ಸರಿಯುತ್ತಿತ್ತು, ಹಾಗಾಗಿ ಕೋಣೆಯ ಆಚೆ ತುದಿಯಲ್ಲಿ ಇಟ್ಟು, ದಿನಾ ಒಂದಿಷ್ಟು ಹತ್ತಿರ ತಂದೆವು. ಆಮೇಲೆ ಪಂಜರದ ಸರಳಿನ ಹೊರಗಿನಿಂದ ತೋರಿಸಿದ್ದು. ಕತ್ತು ಉದ್ದ ಮಾಡಿ, ಒಂದೇ ಕಣ್ಣಲ್ಲಿ ನೋಡಿ, ಟಕ್ ಅಂತ ತುದಿಗೊಂದು ಕುಕ್ಕಿತು. ಕ್ಲಿಕ್. ಅದಾದ ಮೇಲೆ ಕೋಲು ಎಲ್ಲಿ ಹೋದರೆ ಅಲ್ಲಿಗೆ ನಡೆಯೋಕೆ ಶುರು ಮಾಡಿತು, ಕೊನೆಗೆ ಕೋಲಿಗೂ ಅದಕ್ಕೂ ನಡುವೆ ನನ್ನ ಕೈ ಇಟ್ಟೆ. ದಾಟಬೇಕಾದರೆ ಕೈ ಹತ್ತಬೇಕು. ಒಂದು ಕಾಲಿಟ್ಟು ವಾಪಸ್ ತೆಗೆಯಿತು, ಬೆರಳನ್ನು ನಾಲಿಗೆಯಿಂದ ಮುಟ್ಟಿ ನೋಡಿತು, ಮತ್ತೆ ಕಾಲಿಟ್ಟಿತು. ಕೊಕ್ಕು ತಂದ ಕೂಡಲೇ ಕಚ್ಚುತ್ತೆ ಅಂತ ಕೈ ಎಳೆದುಕೊಳ್ಳಬೇಡಿ. ಗಿಣಿಗಳು ಕೊಕ್ಕನ್ನೂ ಕೈಯಂತೆ ಊರಿಕೊಂಡೇ ಹತ್ತೋದು. ಅಲ್ಲಾಡುವ ಕೈಯನ್ನು ಮಾತ್ರ ಅವು ನಂಬಲ್ಲ.

ಒಂದು ದೂರು: ಕೋಲಿನ ತುದಿಯ ಕೆಂಪು ಮಣಿ ಸಡಿಲವಾಗಿತ್ತು. ಗಿಣಿ ನುಂಗಿದರೆ ಕಥೆ ಮುಗಿಯಿತು, ಕಿತ್ತು ಬಿಸಾಡಿ. ಬರೀ ತುದಿಯೇ ಸಾಕು.

ಕ್ಲಿಕ್ಕರ್ ಸದ್ದು ಜಾಸ್ತಿ. ನಾಯಿಗೆ ಮಾಡಿದ್ದನ್ನೇ ಹಕ್ಕಿ ಡಬ್ಬಿಗೂ ಹಾಕಿದ ಹಾಗಿದೆ. ಕರವಸ್ತ್ರ ಸುತ್ತಿದರೆ ಹದವಾಗುತ್ತೆ, ಇಲ್ಲ ಅಂದರೆ ಬಟನ್ ಇರುವ ಬಾಲ್ ಪೆನ್ ಕೂಡ ನಡೆಯುತ್ತೆ. ಸದ್ದಿಗೆ ಒಗ್ಗಿಸುವ ವಿಚಾರದಲ್ಲಿ ಮೈಸೂರಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ ಬಿಡಿ. ದಸರೆಗೆ ಮುಂಚೆ ಆನೆ, ಕುದುರೆಗಳ ಎದುರು ಕುಶಾಲತೋಪು ಹಾರಿಸಿ ತಾಲೀಮು ಮಾಡಿಸುತ್ತಾರಲ್ಲ, ಕೆಲವು ಆನೆ ಮೊದಮೊದಲು ಬೆದರಿದರೂ ದಿನ ಕಳೆದಂತೆ ಸುಮ್ಮನಾಗುತ್ತವೆ. ನಮ್ಮನೆ ಅಗ್ರಹಾರದಲ್ಲಿ, ಆ ತೋಪಿನ ಸದ್ದು ಇಲ್ಲಿಗೂ ಬಡಿಯುತ್ತೆ. ಚಿನ್ನುಗೆ ಅದು ತೀರಾ ಜಾಸ್ತಿ. ಆ ದಿನಗಳಲ್ಲಿ ಟ್ರೈನಿಂಗ್ ಇಲ್ಲ, ಪಂಜರ ಒಳಗಿನ ಕೋಣೆಯಲ್ಲಿ, ರಾತ್ರಿ ಸಣ್ಣದೊಂದು ದೀಪ. ಕಾಕಟೀಲ್‌ಗಳು ಕತ್ತಲಲ್ಲಿ ಬೆಚ್ಚಿಬಿದ್ದು ಪಂಜರಕ್ಕೆ ರೆಕ್ಕೆ ಬಡಿದುಕೊಳ್ಳುವ ಸ್ವಭಾವದವು.

ತಿಂಡಿ ಪೊಟ್ಟಣ ತೆರೆದರೆ ಬರೀ ಬಣ್ಣ, ಸಕ್ಕರೆ ವಾಸನೆ. ಬದಲಿಗೆ ನವಣೆ ತೆನೆ ತನ್ನಿ. ಹೊರದೇಶದ ಹೆಸರಿಟ್ಟು ದುಬಾರಿಗೆ ಮಾರುವ 'ಸ್ಪ್ರೇ ಮಿಲೆಟ್' ಅಂದರೆ ಇದೇ, ನಮ್ಮ ಅಜ್ಜಿಯರ ಕಾಲದ ನವಣೆ. ಟ್ರೈನಿಂಗ್ ಹೊತ್ತಲ್ಲಿ ಮಾತ್ರ ಕೊಡಬೇಕು, ಬಟ್ಟಲಲ್ಲಿ ದಿನವಿಡೀ ಇದ್ದರೆ ಅದಕ್ಕೆ ಬೆಲೆ ಇರಲ್ಲ. ಬೆಳಗಿನ ಊಟಕ್ಕೆ ಮುಂಚೆ ಐದು ನಿಮಿಷ ಕೂತರೆ ಸಾಕು. ಹಾಳೆಯಲ್ಲಿ ಬರೆದ ಹಾಗೆ ಉಪವಾಸ ಕೆಡವಬೇಡಿ. ಸುಮಾರು 80ರಿಂದ 100 ಗ್ರಾಂ ತೂಗುವ ಜೀವ ಅದು, ಅಡುಗೆಮನೆ ತಕ್ಕಡಿಯಲ್ಲಿ ಆಗಾಗ ತೂಗಿ ನೋಡ್ತಿರಿ. ಬೆಣ್ಣೆಹಣ್ಣು, ಚಾಕೊಲೇಟ್ ಎರಡೂ ಗಿಣಿಗಳಿಗೆ ವಿಷ, ಮಕ್ಕಳಿಗೆ ಹೇಳಿಟ್ಟಿರಿ.

ಸ್ಟ್ಯಾಂಡ್ ಗಟ್ಟಿಯಾಗೇ ಇದೆ, ಆದರೆ ಮೇಲಿನ ಕಡ್ಡಿ ನುಣ್ಣಗೆ, ಒಂದೇ ದಪ್ಪ. ಸದಾ ಅದರ ಮೇಲೇ ಕೂತರೆ ಅಂಗಾಲಿನ ಅದೇ ಜಾಗಕ್ಕೆ ಭಾರ ಬಿದ್ದು ಹುಣ್ಣಾಗುತ್ತೆ. ಕಡ್ಡಿ ಬಿಚ್ಚಿ, ಔಷಧಿ ಹೊಡೆಯದ ಸೀಬೆ ಮರದ ಅಂಕುಡೊಂಕು ಕೊಂಬೆ ಸಿಕ್ಕಿಸಿದೆವು. ಈಗ ಮಧ್ಯಾಹ್ನ ಅಲ್ಲೇ ಒಂಟಿಕಾಲಲ್ಲಿ ಕೂತು ಕೊಕ್ಕು ಮಸೆಯುತ್ತೆ, ಗರಗರ ಅಂತ ಸಣ್ಣ ಸದ್ದು, ನೆಮ್ಮದಿಯಾಗಿದ್ದರೆ ಮಾತ್ರ ಹಾಗೆ. ಹಾರ್ನೆಸ್ ದೊಡ್ಡ ಗಿಣಿಯ ಅಳತೆಯದು. ಚಿನ್ನು ಅದರೊಳಗೆ ಪೂರ್ತಿ ತೂರಿಹೋಗುತ್ತೆ.

ಮಾರಿದವರಿಗೆ ಗ್ಲೌಸ್, ಮಣಿ ಎರಡರ ಬಗ್ಗೆಯೂ ಬರೆದೆ, 'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ' ಅಂತ ಬಂತು, ಅಷ್ಟೇ. ಐದಕ್ಕೆ ಎರಡೂವರೆ ಸ್ಟಾರ್ ಕೊಟ್ಟಿದ್ದೀನಿ, ಅದೂ ಕೋಲಿನ ಮುಖ ನೋಡಿ. ಕೋಲು, ಕ್ಲಿಕ್ಕರ್ ಬಿಡಿಯಾಗಿ ಸಿಕ್ಕರೆ ಅವೆರಡನ್ನೇ ತಗೊಳ್ಳಿ. ಪೂರ್ತಿ ಡಬ್ಬಿ ಬೇಡ.