ಸಿಜೆಡ್ 52 ಅಥವಾ ಟೋಕರೆವ್: ದುರಸ್ತಿಯ ದೃಷ್ಟಿಯಿಂದ ಒಂದು ಹೋಲಿಕೆ

ಅಮೆರಿಕದ ಸಂಗ್ರಾಹಕರಿಗೆ ಸೇನೆಯ ಹಳೆಯ ದಾಸ್ತಾನಿನಿಂದ ಸಿಗುವ ಈ ಎರಡೂ ಪಿಸ್ತೂಲುಗಳು 7.62×25 ಮಿ.ಮೀ. ಕಾಡತೂಸನ್ನೇ ಬಳಸುತ್ತವೆಯಾದರೂ, ಕೆಟ್ಟಾಗ ಅವು ಕೊಡುವ ತೊಂದರೆ ಒಂದೇ ಬಗೆಯದಲ್ಲ. ಚೆಕೊಸ್ಲೊವಾಕಿಯಾದ ಸಿಜೆಡ್ 52ರಲ್ಲಿ ಮೊದಲು ಅನುಮಾನಿಸಬೇಕಾದದ್ದು ಫೈರಿಂಗ್ ಪಿನ್ನನ್ನು, ಅಂದರೆ ಕಾಡತೂಸಿನ ಹಿಂಬದಿಗೆ ಬಡಿದು ಅದನ್ನು ಸಿಡಿಸುವ ಸಣ್ಣ ಕಡ್ಡಿಯನ್ನು. ಮೂಲ ಪಿನ್ನು ಪೆಡಸಾಗಿದ್ದು, ಖಾಲಿ ಪಿಸ್ತೂಲಿನ ಕುದುರೆ ಎಳೆಯುವ ಅಭ್ಯಾಸದಿಂದಲೇ ಮುರಿಯಬಹುದು. ಈ ಪಿನ್ನಿಗೆ ಹೊಡೆಯುವ ಹ್ಯಾಮರ್ ಸರಿಯಾಗಿ ಬಿದ್ದರೂ ಗುಂಡು ಹಾರದೆ, ಪ್ರೈಮರಿನ (ಕಾಡತೂಸಿನ ಹಿಂಬದಿಯಲ್ಲಿ ಮೊದಲು ಸಿಡಿಯುವ ಪುಟ್ಟ ಬಟ್ಟಲಿನ) ಮೇಲಿನ ಗುರುತು ತೀರಾ ಮಸುಕಾಗಿದ್ದರೆ, ಪಿಸ್ತೂಲನ್ನು ಪೂರ್ತಿ ಖಾಲಿ ಮಾಡಿ, ಸ್ಲೈಡ್ (ಮೇಲೆ ಹಿಂದೆ ಮುಂದೆ ಜಾರುವ ಭಾಗ) ಬಿಚ್ಚಿ, ಪಿನ್ನಿನ ತುದಿಯನ್ನು ಪರೀಕ್ಷಿಸಬೇಕು. ಉಕ್ಕಿನಿಂದ ಕಡೆದ ಹೊಸ ಪಿನ್ನು ಹಾಕಿದರೆ ಈ ಬಾಧೆ ಬಹುಮಟ್ಟಿಗೆ ತೀರುತ್ತದೆ. ನನಗೆ ಹೆಚ್ಚು ಆತಂಕವಿರುವುದು ಡಿಕಾಕರ್, ಅಂದರೆ ಎತ್ತಿದ ಹ್ಯಾಮರನ್ನು ಗುಂಡು ಹಾರಿಸದೆ ಇಳಿಸುವ ಸನ್ನೆಯ ಬಗ್ಗೆ: ಒಳಭಾಗಗಳು ಸವೆದಿದ್ದರೆ ಹ್ಯಾಮರ್ ಇಳಿಸುವಾಗಲೇ ಗುಂಡು ಹಾರಿಬಿಡಬಹುದಾದ್ದರಿಂದ, ಗುಂಡು ತುಂಬಿರುವಾಗ ಅದನ್ನು ಮುಟ್ಟಲೇಬಾರದು; ಅದರ ದುರಸ್ತಿಯನ್ನು ಪಳಗಿದ ಬಂದೂಕು ಮೆಕ್ಯಾನಿಕ್‌ಗೇ ಬಿಡಬೇಕು.

ಮೊದಲ ಬಾರಿಗೆ ಕೊಳ್ಳುವವರಿಗೆ ನಾನು ಹೇಳುವುದು ಸೋವಿಯತ್ ಮೂಲದ ಟೋಕರೆವ್ ಅನ್ನೇ. ಅದರಲ್ಲಿ ಹ್ಯಾಮರ್, ಸಿಯರ್ (ಎತ್ತಿದ ಹ್ಯಾಮರನ್ನು ಹಿಡಿದಿಡುವ ಭಾಗ), ಅವುಗಳ ಸ್ಪ್ರಿಂಗ್ ಎಲ್ಲವೂ ಒಂದೇ ಜೋಡಣೆಯಾಗಿ ಮೇಲಕ್ಕೆ ಎದ್ದು ಬರುವುದರಿಂದ, ಸವೆತವನ್ನು ಬೆಳಕಿಗೆ ಹಿಡಿದು ನೋಡಬಹುದು. ಆದರೆ ಮೂಲ ವಿನ್ಯಾಸದಲ್ಲಿ ಹ್ಯಾಮರನ್ನು ಅರ್ಧಕ್ಕೆ ತಡೆದು ನಿಲ್ಲಿಸುವ ಕಚ್ಚು ಬಿಟ್ಟರೆ ಕೈಯಿಂದ ಹಾಕುವ ಸೇಫ್ಟಿ ಇಲ್ಲ. ಆ ಕಚ್ಚು ಸವೆದಿದ್ದರೆ ಅರದಿಂದ ಉಜ್ಜಿ ಸರಿಪಡಿಸಲು ಹೋಗದೆ, ಭಾಗವನ್ನೇ ಬದಲಿಸಬೇಕು.