ಧರ್ಮ ಅಧ್ಯಯನದ ಪರೀಕ್ಷೆಗೊಂದು ಕಾರ್ಡು ಪೆಟ್ಟಿಗೆ

ಪೆಟ್ಟಿಗೆಯ ಮುಚ್ಚಳದ ಮೇಲೆ ‘ಎರಡೇ ವಾರದಲ್ಲಿ ಪೂರ್ಣ ತಯಾರಿ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಕರಡು ತಿದ್ದುವುದೇ ನನ್ನ ಹೊಟ್ಟೆಪಾಡು. ಇಂಥ ಮಾತು ಕಂಡರೆ ಕೈ ತಾನಾಗಿಯೇ ಕೆಂಪು ಪೆನ್ನಿನತ್ತ ಹೋಗುತ್ತದೆ. ಆದರೂ ಕೊಂಡೆ. ಮಗಳ ಧರ್ಮ ಅಧ್ಯಯನದ ಪರೀಕ್ಷೆಗೆ ಐದು ವಾರ ಉಳಿದಿತ್ತು. ಅವಳ ಟಿಪ್ಪಣಿ ಪುಸ್ತಕ ತೆರೆದರೆ ಪುಟಕ್ಕೆ ಪುಟವೇ ಅರಿಶಿನದಲ್ಲಿ ಅದ್ದಿ ತೆಗೆದಂತಿತ್ತು. ಹಳದಿ ಬಳಿಯದ ಸಾಲು ಹುಡುಕಿದರೂ ಸಿಗಲಿಲ್ಲ.

ಪೆಟ್ಟಿಗೆಯೊಳಗೆ ನೂರಿಪ್ಪತ್ತು ಕಾರ್ಡುಗಳು, ಮೂರು ಖಾನೆಗಳು. ಉತ್ತರ ಸರಿಯಾದರೆ ಕಾರ್ಡು ಮುಂದಿನ ಖಾನೆಗೆ ಸರಿಯುತ್ತದೆ, ತಪ್ಪಿದರೆ ಮತ್ತೆ ಮೊದಲ ಖಾನೆಗೆ ಬರುತ್ತದೆ. ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಹೇಳಿಕೊಟ್ಟ ಉಪಾಯವಿದು, ಪೆಟ್ಟಿಗೆ ಮಾಡಿದವರ ಕಂಡುಹಿಡಿತವಲ್ಲ. ಆದರೆ ಕೆಲಸ ಮಾಡುತ್ತದೆ. ದುಃಖ, ಸಮುದಯ, ನಿರೋಧ, ಮಾರ್ಗ ಎಂಬ ಬೌದ್ಧರ ನಾಲ್ಕು ಆರ್ಯಸತ್ಯಗಳು ಎರಡೇ ದಿನದಲ್ಲಿ ಕೊನೆಯ ಖಾನೆ ಸೇರಿದವು. ಇಸ್ಲಾಮಿನ ಐದು ಸ್ತಂಭಗಳೂ ಹಾಗೆಯೇ.

ಬುದ್ಧ ಹೇಳಿದ ಅಷ್ಟಾಂಗ ಮಾರ್ಗ ಮಾತ್ರ ಸತಾಯಿಸಿತು. ಏಳು ಹೇಳಿ ಎಂಟನೆಯದಕ್ಕೆ ಅವಳು ಸೂರು ನೋಡುತ್ತಿದ್ದಳು. ಪ್ರತಿಸಲ ಬಿಟ್ಟುಹೋಗುತ್ತಿದ್ದುದು ಒಂದೇ: ಸಮ್ಯಕ್ ಆಜೀವ. ಆ ಕಾರ್ಡು ಹನ್ನೊಂದು ದಿನ ಮೊದಲ ಖಾನೆಯಲ್ಲೇ ಕೊಳೆತು ಮೂಲೆ ಮಡಚಿಕೊಂಡಿತು. ಹಿಂಬದಿಯಲ್ಲಿದ್ದುದು ‘ಸರಿಯಾದ ಜೀವನೋಪಾಯ’ ಎಂಬ ಎರಡು ಪದ ಮಾತ್ರ. ಕೊನೆಗೆ ಬುದ್ಧ ಬೇಡವೆಂದ ಐದು ವ್ಯಾಪಾರಗಳನ್ನು ನಾನು ಪಕ್ಕದಲ್ಲಿ ಬರೆದೆ: ಆಯುಧ, ಮನುಷ್ಯರು, ಮಾಂಸ, ಮದ್ಯ, ವಿಷ. ಅವಳು ಒಂದು ಗಳಿಗೆ ಓದಿ, ‘ಕರಡು ತಿದ್ದುವುದಕ್ಕೆ ಅಡ್ಡಿಯಿಲ್ಲವಲ್ಲ?’ ಎಂದಳು. ಮತ್ತೆಂದೂ ಅದನ್ನು ಮರೆಯಲಿಲ್ಲ.

ಈಗ ತಪ್ಪುಗಳ ವಿಚಾರ. ಒಂದು ಕಾರ್ಡು 1699ರಲ್ಲಿ ಸಿಖ್ಖರ ಖಾಲ್ಸಾ ಪಂಥ ಸ್ಥಾಪಿಸಿದವರು ಗುರು ನಾನಕ್ ಎನ್ನುತ್ತದೆ. ನಾನಕರು ತೀರಿಕೊಂಡದ್ದು 1539ರಲ್ಲಿ! ಖಾಲ್ಸಾ ಕಟ್ಟಿದವರು ಹತ್ತನೆಯ ಗುರು ಗೋಬಿಂದ್ ಸಿಂಗ್. ಇದು ಎದ್ದು ಕಾಣುವ ತಪ್ಪು, ಮಗಳೇ ಹಿಡಿದಳು. ನುಣುಪಾದ ತಪ್ಪು ಇನ್ನೊಂದಿದೆ: ‘ಜಕಾತ್ ಎಂದರೆ ಆದಾಯದ ಶೇ 2.5’. ಮುಸ್ಲಿಮರ ಈ ಕಡ್ಡಾಯ ದಾನ ಆದಾಯದ ಮೇಲಲ್ಲ, ನಿಗದಿತ ಮಿತಿಗಿಂತ ಹೆಚ್ಚಾಗಿ ಒಂದು ವರ್ಷ ಕೈಯಲ್ಲಿ ಉಳಿದ ಸಂಪತ್ತಿನ ಮೇಲೆ. ಒಂದು ಪದದ ವ್ಯತ್ಯಾಸ, ಅಂಕ ಹೋಗುವುದು ಇಂಥಲ್ಲೇ. ಕಾರ್ಡುಗಳಿಗೆ ಹೊಳಪಿನ ಲೇಪ ಬೇರೆ ಇರುವುದರಿಂದ ಪೆನ್ನಿನ ತಿದ್ದುಪಡಿ ಬೆರಳಿಗೇ ಮೆತ್ತಿಕೊಳ್ಳುತ್ತದೆ.

ಇವನ್ನಾದರೂ ಕ್ಷಮಿಸಬಹುದು. ನನ್ನ ನಿಜವಾದ ತಕರಾರು ಬೇರೆ. ಪ್ರತಿ ಕಾರ್ಡಿಗೂ ಒಂದೇ ಉತ್ತರ. ‘ಕ್ರೈಸ್ತರು ಹೀಗೆ ನಂಬುತ್ತಾರೆ’ ಎಂದು ಬರೆದು ಮುಗಿಸಿದ್ದಾರೆ. ಯಾವ ಕ್ರೈಸ್ತರು? ಚರ್ಚಿನ ವಿಧಿಯಾದ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ನಿಜವಾಗಿಯೂ ಕ್ರಿಸ್ತನ ದೇಹ, ರಕ್ತವಾಗುತ್ತವೆ ಎನ್ನುವವರು ಕ್ಯಾಥೊಲಿಕರು. ಅದು ನೆನಪಿನ ಆಚರಣೆ ಎನ್ನುವವರು ಅನೇಕ ಪ್ರೊಟೆಸ್ಟಂಟರು. ಹೆಚ್ಚು ಅಂಕದ ಪ್ರಶ್ನೆ ಕೇಳುವುದೇ ಈ ಭೇದವನ್ನು. ಒಂದು ಹೇಳಿಕೆ ಕೊಟ್ಟು, ಪರ ಬರೆ, ವಿರೋಧ ಬರೆ, ನಿನ್ನ ತೀರ್ಮಾನ ಹೇಳು ಎನ್ನುತ್ತದೆ. ಗಿಳಿಪಾಠ ಅಲ್ಲಿಗೆ ಬಂದು ನಿಲ್ಲುತ್ತದೆ.

ಪೆಟ್ಟಿಗೆಯ ತಳದಲ್ಲಿ ಹದಿನೈದು ಖಾಲಿ ಕಾರ್ಡುಗಳಿವೆ, ಲೇಪವಿಲ್ಲದವು. ಕೊಟ್ಟ ಹಣ ಸಾರ್ಥಕವಾದದ್ದು ಅವುಗಳಿಂದ. ‘ಲೋಕದಲ್ಲಿ ಇಷ್ಟು ನೋವಿದೆ, ಆದ್ದರಿಂದ ದೇವರಿಲ್ಲ’ ಎಂದು ಮುಂದೆ ಬರೆದು, ಹಿಂದೆ ನಡುಗೆರೆ ಎಳೆದೆವು. ಮೇಜಿನ ಆಚೆಗೊಂದು, ಈಚೆಗೊಂದು ಕುರ್ಚಿ. ಆಚೆ ಕುಳಿತಾಗ ಅವಳು ಕ್ರೈಸ್ತ ಚಿಂತಕ ಅಗಸ್ಟೀನನ ಪಕ್ಷ: ಕೇಡು ಬಂದದ್ದು ಮನುಷ್ಯ ತನ್ನ ಸ್ವಾತಂತ್ರ್ಯವನ್ನು ತಪ್ಪಾಗಿ ಬಳಸಿದ್ದರಿಂದ. ಈಚೆ ಬಂದು ಕುಳಿತರೆ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು: ಭೂಕಂಪದಲ್ಲಿ ಸತ್ತ ಕೂಸು ಯಾವ ಸ್ವಾತಂತ್ರ್ಯ ಬಳಸಿತ್ತು? ಮೂರನೆಯ ಸಲ ಕುರ್ಚಿ ಬದಲಿಸುವ ಹೊತ್ತಿಗೆ ನನ್ನನ್ನು ಮರೆತೇಬಿಟ್ಟಿದ್ದಳು. ಇಡೀ ಐದು ವಾರದಲ್ಲಿ ಅವಳು ಗಡಿಯಾರ ನೋಡದ ಸಂಜೆ ಅದೊಂದೇ.

ಐದಕ್ಕೆ ಮೂರು ನಕ್ಷತ್ರ ಕೊಡುತ್ತೇನೆ. ಒಂದು ಖಾನೆಗಳಿಗೆ, ಎರಡು ಖಾಲಿ ಕಾರ್ಡುಗಳಿಗೆ. ಕೊಳ್ಳುವವರು ಪಠ್ಯಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಮೊದಲ ದಿನವೇ ಎಲ್ಲ ಕಾರ್ಡುಗಳನ್ನೂ ತಾಳೆ ನೋಡಿರಿ, ಮುಚ್ಚಳದ ಮಾತನ್ನು ನಂಬಬೇಡಿರಿ.

ಅಂದ ಹಾಗೆ, ಖಾಲಿ ಕಾರ್ಡೊಂದರಲ್ಲಿ ನಾನೇ ‘ಮುಸ್ಲಿಮರ ಆರು ನಂಬಿಕೆಗಳು’ ಎಂದು ಬರೆದಿದ್ದೆ. ಮಾರನೆಯ ದಿನ ಪೆಟ್ಟಿಗೆ ತೆರೆದರೆ ‘ಮುಸ್ಲಿಮರ’ ಪದಕ್ಕೆ ಮುಂಚೆ ‘ಸುನ್ನಿ’ ಸೇರಿತ್ತು, ಕೆಳಗೆ ‘ಶಿಯಾ: ಐದು ಮೂಲತತ್ತ್ವಗಳು, ಪಟ್ಟಿ ಹಿಂಬದಿಯಲ್ಲಿ’ ಎಂದಿತ್ತು. ನನ್ನದೇ ಕೆಂಪು ಪೆನ್ನಿನಲ್ಲಿ.