ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು ಅಂತ ಕೇಳುವ ಲೈಬ್ರರಿ

ಮೈಸೂರಿನ ನಮ್ಮ ಬಡಾವಣೆಯ ಸರ್ಕಾರಿ ಲೈಬ್ರರಿಯಲ್ಲಿ ಭಾನುವಾರ ಬೆಳಿಗ್ಗೆ ಬಾಗಿಲ ಪಕ್ಕ ಮೇಜು ಹಾಕಿಕೊಂಡು ಮೂವರು ಕೂತಿರುತ್ತಾರೆ. ರಿಟೈರ್ ಆದ ಕನ್ನಡ ಮೇಡಂ ಒಬ್ಬರು, ಬ್ಯಾಂಕಿನಲ್ಲಿದ್ದ ಹಿರಿಯರೊಬ್ಬರು, ಎಂ.ಎ. ಓದುವ ಹುಡುಗಿ ಒಬ್ಬಳು. ಯಾರಿಗೂ ಸಂಬಳವಿಲ್ಲ. ಏನು ಓದಬೇಕು ಅಂತ ತೋಚದವರಿಗೆ ಪುಸ್ತಕ ಹೇಳುವುದು ಇವರ ಕೆಲಸ. ಆರು ತಿಂಗಳಿಂದ ಹೋಗುತ್ತಿದ್ದೇನೆ, ಹಾಗಾಗಿ ಬರೆಯುತ್ತಿದ್ದೇನೆ.

ಮೊದಲ ಸಲ ಹೋಗಿದ್ದು ಅಮ್ಮನಿಗಾಗಿ. ಒಂದು ಕಾಲದಲ್ಲಿ ಒಲೆ ಮೇಲೆ ಸಾರು ಕುದಿಯುತ್ತಿದ್ದರೂ ಕೈಯಲ್ಲಿ ಕಾದಂಬರಿ ಹಿಡಿದಿರುತ್ತಿದ್ದವರು, ಅಪ್ಪ ಹೋದ ಮೇಲೆ ಓದುವುದನ್ನೇ ಬಿಟ್ಟಿದ್ದರು. "ವಯಸ್ಸಾದವರು ಓದುವಂಥದ್ದು ಏನಾದರೂ ಹೇಳಿ ಮೇಡಂ" ಅಂದೆ. ಅವರು ಕಪಾಟಿನ ಕಡೆ ತಿರುಗಲೂ ಇಲ್ಲ. "ನಿಮ್ಮ ತಾಯಿ ಈಚೆಗೆ ಯಾವ ಪುಸ್ತಕ ಅರ್ಧಕ್ಕೆ ಬಿಟ್ಟರು? ಯಾಕೆ ಬಿಟ್ಟರು?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಕೇಳಿದರೆ ಅಮ್ಮ ಹೇಳಿದ್ದು ಇಷ್ಟು: "ಸಾವಿನ ಬಗ್ಗೆ ಸಮಾಧಾನ ಹೇಳೋ ಪುಸ್ತಕ. ಬಂದವರೆಲ್ಲ ಅದನ್ನೇ ತಂದು ಕೊಡ್ತಾರೆ, ಸಾಕಾಗಿದೆ ಕಣೆ."

ಮುಂದಿನ ಭಾನುವಾರ ಅಮ್ಮನನ್ನೇ ಕರೆದುಕೊಂಡು ಹೋದೆ. ಮೇಡಂ ಮಾತಾಡುತ್ತಾ ತವರು ಯಾವ ಕಡೆ ಅಂತ ಕೇಳಿದರು. ತೀರ್ಥಹಳ್ಳಿ ಅಂದ ಕೂಡಲೇ ಎದ್ದು ಹೋಗಿ ಎಂ.ಕೆ. ಇಂದಿರಾ ಅವರ 'ತುಂಗಭದ್ರ' ತಂದರು. ಇಂದಿರಾ ಹುಟ್ಟಿದ್ದೂ ತೀರ್ಥಹಳ್ಳಿಯಲ್ಲೇ, 1917ರಲ್ಲಿ. ಈ ಮೊದಲ ಕಾದಂಬರಿ ಬಂದಿದ್ದು 1963ರಲ್ಲಿ, ಅಂದರೆ ನಲವತ್ತೈದು ದಾಟಿದ ಮೇಲೆ. ಅಮ್ಮ ಅದನ್ನು ನಾಲ್ಕೇ ದಿನದಲ್ಲಿ ಮುಗಿಸಿದರು. ಮಧ್ಯೆ ಮಧ್ಯೆ ನನ್ನನ್ನು ಕರೆದು, ನಮ್ಮಜ್ಜಿ ಹೀಗೇ ಮಾತಾಡುತ್ತಿದ್ದರು ಅಂತ ಓದಿ ಹೇಳಿದರು.

'ಫಣಿಯಮ್ಮ' ಅದಕ್ಕಿಂತ ಹೆಸರಾದ ಕಾದಂಬರಿ, ಅದೂ ಅಲ್ಲೇ ಇತ್ತು. ಮೇಡಂ ಬೇಕೆಂದೇ ಕೊಟ್ಟಿರಲಿಲ್ಲ. ಚಿಕ್ಕ ಹುಡುಗಿಯಾಗಿದ್ದಾಗಲೇ ಗಂಡನನ್ನು ಕಳೆದುಕೊಂಡವಳ ಕಥೆ ಅದು. "ಅವರಾಗೇ ಕೇಳಲಿ, ಆಗ ಕೊಡ್ತೀನಿ" ಅಂದರು ನನಗೆ ಮಾತ್ರ ಕೇಳಿಸುವ ಹಾಗೆ. ಎರಡು ತಿಂಗಳಾದ ಮೇಲೆ ಅಮ್ಮನೇ ಕೇಳಿದರು. ಯಾವ ಪುಸ್ತಕ ಒಳ್ಳೆಯದು ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ಯಾವಾಗ ಕೊಡಬಾರದು ಅಂತ ತಿಳಿದವರನ್ನು ನಾನು ನೋಡಿದ್ದು ಇಲ್ಲೇ.

ಹತ್ತನೇ ಕ್ಲಾಸಿನ ನನ್ನ ಮಗನಿಗೆ ಆ ಹುಡುಗಿ ತೇಜಸ್ವಿಯವರ 'ಕರ್ವಾಲೊ' ಕೊಟ್ಟಳು. ಹಾರುವ ಓತಿಯ ವಿಷಯ ಎರಡು ಮಾತು ಹೇಳಿ ಅಲ್ಲಿಗೇ ನಿಲ್ಲಿಸಿದಳು. ಉಳಿದದ್ದನ್ನು ತಿಳಿಯೋಕೆ ಅವನು ಓದಲೇಬೇಕಾಯಿತು.

ಈ ಹುಡುಗಿ ಮಾಡುವ ಇನ್ನೊಂದು ಕೆಲಸದ ಬಗ್ಗೆ ಹೇಳಲೇಬೇಕು. ಸರ್ಕಾರ ಲೈಬ್ರರಿಗಳಿಗೆ ಅಂತ ಒಟ್ಟಿಗೆ ಕೊಳ್ಳುವ ಸಗಟು ಖರೀದಿಯಲ್ಲಿ ಬಂದ ಹೊಸಬರ ಕಥೆ ಕವನದ ಪುಸ್ತಕಗಳು ಕೆಳಗಿನ ಸಾಲಿನಲ್ಲಿ ಯಾರೂ ಮುಟ್ಟದೆ ಕೂತಿರುತ್ತವೆ ಅಲ್ವಾ, ಅವನ್ನು ಒಂದೊಂದಾಗಿ ಓದಿ ಒಳಗೆ ಚೀಟಿ ಇಡುತ್ತಾಳೆ. ಮೂರೇ ಸಾಲು. ಯಾರಿಗೆ ಹಿಡಿಸಬಹುದು ಅಂತಷ್ಟೇ ಅಲ್ಲ, ಯಾರಿಗೆ ಹಿಡಿಸದು ಅಂತಲೂ ಬರೆದಿರುತ್ತಾಳೆ. "ಬೇಗ ಬೇಗ ಏನಾದರೂ ಆಗಬೇಕು ಅನ್ನುವವರಿಗೆ ಬೇಡ" ಅಂತ ಒಂದರಲ್ಲಿತ್ತು. ನನಗೆ ನಿಧಾನದ ಕಥೆ ಇಷ್ಟ, ಅದನ್ನೇ ತಂದೆ, ಚೆನ್ನಾಗಿತ್ತು.

ಸರಿಯಿಲ್ಲದ್ದೂ ಇದೆ. ಬ್ಯಾಂಕಿನ ಹಿರಿಯರು ಯಾರು ಬಂದರೂ ವ್ಯಕ್ತಿತ್ವ ವಿಕಸನದ ಪುಸ್ತಕವನ್ನೇ ಹೇಳುತ್ತಾರೆ, ಬಂದವರ ಮಾತು ಕೇಳುವುದು ಕಡಿಮೆ. ಅದಕ್ಕಿಂತ ಬೇಜಾರಾಗುವುದು ಬೀಗ ಹಾಕಿದ ಬೀರುಗಳನ್ನು ನೋಡಿದಾಗ. ಇವರು ಹೇಳಿದ ಪುಸ್ತಕ ಗಾಜಿನ ಹಿಂದೆ ಕಾಣುತ್ತಿರುತ್ತದೆ, ಬೀಗದ ಕೈ ಇರುವವರು ಅವತ್ತು ಬಂದಿರುವುದಿಲ್ಲ. ನನಗೆ ಮೂರು ಸಲ ಹೀಗಾಗಿದೆ. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಅಂತ ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ 1931ರಲ್ಲೇ ಸೂತ್ರ ಮಾಡಿಟ್ಟಿದ್ದಾರೆ, ಬೀಗದೊಳಗಿದ್ದರೆ ಹೇಗೆ ಸಿಗಬೇಕು? ಮನೆ ಕಂದಾಯ ಕಟ್ಟಿದ ರಶೀದಿ ತೆಗೆದು ನೋಡಿ, ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ, ನೂರು ರೂಪಾಯಿ ತೆರಿಗೆಗೆ 6 ರೂಪಾಯಿ. ಆ ಬೀರುವಿನ ಪುಸ್ತಕಗಳು ನಮ್ಮ ದುಡ್ಡಿನವು. ಬೀಗ ತೆಗೆಸಿ ಅಂತ ನಾನು ಬರೆದು ಕೊಟ್ಟಿದ್ದೇನೆ. ನೀವೂ ಬರೆದು ಕೊಡಿ, ಒಬ್ಬರು ಕೇಳಿದರೆ ಸಾಲದು.

ಚಿಕ್ಕ ಮಕ್ಕಳಿಗೆ ಪುಸ್ತಕ ಹೇಳುವವರು ಇನ್ನೂ ಯಾರೂ ಇಲ್ಲ.

ಹನ್ನೊಂದರ ಒಳಗೆ ಹೋದರೆ ಮೇಡಂ ಜೊತೆ ಕೂತು ಮಾತಾಡಬಹುದು, ಆಮೇಲೆ ಜನ ಜಾಸ್ತಿ. ಮನೆಗೆ ತರಬೇಕಾದರೆ ಠೇವಣಿ ಕಟ್ಟಿ ಕಾರ್ಡ್ ಮಾಡಿಸಬೇಕು, ಅಲ್ಲೇ ಕೂತು ಓದುವುದಕ್ಕೆ ಏನೂ ಬೇಡ. ಅರ್ಧಕ್ಕೆ ಬಿಟ್ಟ ಪುಸ್ತಕ ಯಾವುದು ಅಂತ ಮಾತ್ರ ಮನೆಯಲ್ಲೇ ಯೋಚಿಸಿಕೊಂಡು ಹೋಗಿ. ಖಂಡಿತ ಕೇಳುತ್ತಾರೆ.